ಕೀ ತೆಗೆದ್ರೂ ಹಾಡು ಯಾಕ ನಿಲ್ಲಂಗಿಲ್ಲ? (ಭಾಗ 4)

ದೋಸ್ತ್ರ, ಹೋದ ವರ್ಷ ನಮ್ಮ ಅಸೂಟಿಯೊಳಗ ಒಂದು ಮದುವಿ. ಕಾಕಾನ ಟ್ರ್ಯಾಕ್ಸ್‌ನ್ಯಾಗ ದೊಡ್ಡ ಆಂಪ್ಲಿಫೈಯರ್. ಇಂಜಿನ್ ಬಂದ್, ಕೀ ಕಾಕಾನ ಕಿಸೆದಾಗ, ಹಾಡು ಮಾತ್ರ ಚಾಲೂ. ಮೂರು ತಾಸು ಕುಣಿದ್ವಿ. ನಡುರಾತ್ರಿ ಅಜ್ಜಿಗೆ ಎದಿನೋವು ಬಂತು, ರೋಣಕ್ಕ ಒಯ್ಯಬೇಕು. ಕೀ ತಿರುವಿದ್ರ ಬರೇ 'ಟಕ್'. ಎಂಟು ಮಂದಿ ದೂಡಿ, ಎರಡನೇ ಗೇರಿನ್ಯಾಗ ಕ್ಲಚ್ ಬಿಟ್ಟಾಗ ಗಾಡಿ ಎದ್ದಿತು. ಅಜ್ಜಿ ಆರಾಮ ಅದಾಳ. ನನಗ ಮಾತ್ರ ಆ 'ಟಕ್' ಇನ್ನೂ ಕಿವಿಯೊಳಗ ಐತಿ.

ಮೊದಲ ಕಾರುಗಳ ಕಾಲಕ್ಕೆ ಈ ಪಜೀತಿಯೇ ಇರಲಿಲ್ಲ. ಹ್ಯಾಂಡಲ್ ತಿರುವಿ ಇಂಜಿನ್ ಎಬ್ಬಿಸುವುದು, ಕಿಡಿಗೆ ಮ್ಯಾಗ್ನೆಟೋ, ದೀಪಕ್ಕೆ ಕಾರ್ಬೈಡ್ ಗ್ಯಾಸು. ಹ್ಯಾಂಡಲ್ ಹಿಂದಕ್ಕೆ ಒದ್ದರೆ ಕೈ ಮುರೀತಿತ್ತು, ಅದು ಬೇರೆ ಮಾತು. ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್‌ನಲ್ಲಿ ಬಂತು. ಅದರ ಜೊತೆಗೇ ದೊಡ್ಡ ಬ್ಯಾಟರಿಯೂ ಕಾರಿನೊಳಗೆ ಕೂತಿತು. 1930ರಲ್ಲಿ ಅಮೆರಿಕದ ಗ್ಯಾಲ್ವಿನ್ ಕಂಪನಿ 'ಮೋಟೊರೋಲಾ' ಹೆಸರಿನ ಕಾರ್ ರೇಡಿಯೋ ತಂದಿತು. ಈಗ ಜನಕ್ಕೆ ಗಾಡಿ ನಿಲ್ಲಿಸಿ ಹಾಡು ಕೇಳುವ ಆಸೆ.

ಆದರೆ ಇಗ್ನಿಷನ್ ಆನ್ ಇಟ್ಟು ಇಂಜಿನ್ ಬಂದ್ ಮಾಡಿದರೆ ಹಳೇ ಕಾರಿನ ಕಾಯಿಲ್ ಕಾದು ಸುಡುತ್ತಿತ್ತು, ಬ್ಯಾಟರಿಯೂ ಇಳೀತಿತ್ತು. ಅದಕ್ಕೇ ಕೀ ಸ್ವಿಚ್ಚಿನಲ್ಲಿ 'ಎಸಿಸಿ' ಅಂತ ಬೇರೆ ಒಂದು ಮೆಟ್ಟಿಲು: ಕಾಯಿಲ್‌ಗೆ ಕರೆಂಟ್ ಇಲ್ಲ, ರೇಡಿಯೋಗೆ ಐತಿ. ಕೀಯಿಂದಲೇ ಸ್ಟಾರ್ಟ್ ಮಾಡುವ ಪದ್ಧತಿಯನ್ನ 1949ರಲ್ಲಿ ಕ್ರೈಸ್ಲರ್ ತಂದಿತು.

ಇನ್ನು ಕೆಲವಕ್ಕೆ ಕೀಯ ಹಂಗೇ ಇಲ್ಲ. ಹಾರ್ನ್, ಪಾರ್ಕಿಂಗ್ ದೀಪ, ಗಡಿಯಾರ ಎಷ್ಟೋ ಗಾಡಿಯೊಳಗ ಸೀದಾ ಬ್ಯಾಟರಿಯಿಂದಲೇ ನಡೀತಾವ. ಜರ್ಮನ್ ವೈರಿಂಗ್ ಪದ್ಧತಿಯಲ್ಲಿ ಸದಾ ಕರೆಂಟ್ ಇರುವ ತಂತಿಯ ನಂಬರ್ 30, ಕೀ ಆನ್ ಮಾಡಿದಾಗ ಬರುವುದು 15. ಹೊಸ ಕಾರುಗಳಲ್ಲಂತೂ ಕೀ ತೆಗೆದ ಮೇಲೂ ಕಂಪ್ಯೂಟರ್ ಕೆಲವು ನಿಮಿಷ ರೇಡಿಯೋ, ಕಿಟಕಿಗೆ ಕರೆಂಟ್ ಹಿಡಿದಿರುತ್ತದೆ. ಅನೇಕ ಕಾರುಗಳಲ್ಲಿ ಬಾಗಿಲು ತೆರೆದರೆ ಕಡಿದುಬಿಡುತ್ತದೆ.

ಹಂಗಾದ್ರ ಕಾಕಾನ ಗಾಡಿಗೆ ಏನಾಗಿತ್ತು? ಸ್ಟೀರಿಯೋ ಹಿಂದ ಎರಡು ವೈರ್ ನೋಡ್ರಿ. ಹಳದಿ ನೆನಪಿಗೆ, ಅಂದ್ರ ಸ್ಟೇಷನ್, ಟೈಮ್ ಅಳಿಸಿ ಹೋಗದಂಗ ಸದಾ ಬ್ಯಾಟರಿಗೆ. ಕೆಂಪು ಕೀಗೆ. ಫಿಟ್ಟಿಂಗ್ ಮಾಡಿದವರು ಎರಡನ್ನೂ ಕೂಡಿಸಿ ಬ್ಯಾಟರಿಗೇ ಸುತ್ತಿದ್ದರು. ಹಳದಿಯೊಂದೇ ಇದ್ರ ತ್ರಾಸಿಲ್ಲ: ನಿಂತ ಗಾಡಿ 50 ಮಿಲಿಆಂಪಿಯರ್ ಕುಡಿದ್ರೂ ದಿನಕ್ಕೆ 1.2 ಆಂಪಿಯರ್-ಅವರ್ ಅಷ್ಟೇ. ಆಂಪ್ಲಿಫೈಯರ್ 15 ಆಂಪಿಯರ್ ಎಳೆದ್ರ ಮೂರು ತಾಸಿಗೆ 45! ಉಳಿದದ್ದರಾಗ ಡೀಸೆಲ್ ಇಂಜಿನ್ ಎಬ್ಬಿಸೋದು ಆಗದ ಮಾತು.

ಕಾಕಾ ಕೆಂಪು ವೈರ್ ಬಿಚ್ಚಿಸಿ ಕೀಗೆ ಹಾಕಿಸ್ಯಾರ. ನಿಮ್ಮ ಮನಿ ಗಾಡಿಯೊಳಗ ಕೀ ತೆಗೆದು ಹಾಡು ಹಚ್ಚಿ ನೋಡ್ರಿ, ಏನಾತು ಅಂತ ಕೆಳಗ ಬರೀರಿ. ಭಾಗ 5ರಾಗ ಡೈನಮೋ ಹೋಗಿ ಆಲ್ಟರ್ನೇಟರ್ ಬಂದ ಕಥಿ.