ಬಳ್ಳಿಗಾವಿ ವ್ಯಾಪಾರಿಯ ಗುಟ್ಟಿನ ಜೇಬು

1/7
ಆನ್‌ಲೈನ್‌ನಲ್ಲಿ ‘ಆಂಟಿ ಥೆಫ್ಟ್ ಬ್ಯಾಗ್’ ಅಂತ ಹುಡುಕಿ ನೋಡಿ, ಸಾಲುಗಟ್ಟಲೆ ಬರುತ್ತವೆ. ಬೆನ್ನಿನ ಕಡೆಗೆ ಜಿಪ್, ಒಳಗೊಂದು ಕಾಣದ ಜೇಬು, ಬ್ಲೇಡ್ ಹಾಕಿದರೂ ಹರಿಯದ ಪಟ್ಟಿ. ಬೆಲೆ ನೋಡಿದ್ರೆ ಕಳ್ಳ ಒಳಗಿನ ದುಡ್ಡು ಬಿಟ್ಟು ಬ್ಯಾಗನ್ನೇ ಹೊತ್ಕೊಂಡು ಹೋಗ್ತಾನೆ! ಜಾಹೀರಾತು ಓದಿದ್ರೆ ಇದೆಲ್ಲ ಮೊನ್ನೆ ಮೊನ್ನೆ ವಿದೇಶದಲ್ಲಿ ಯಾರೋ ಕಂಡುಹಿಡಿದ ಹಾಗೆ ಅನಿಸುತ್ತೆ.

ಆದರೆ ನಮ್ಮ ಶಿಕಾರಿಪುರ ತಾಲೂಕಿನ ಒಂದು ಶಾಸನದಲ್ಲಿ ಪ್ರಯಾಣದ ಚೀಲ ಇದೆ, ಅದರ ಹಗ್ಗ ಇದೆ, ಮೂಲೆಯ ಕುಚ್ಚು ಇದೆ, ಗುಟ್ಟಿನ ಜೇಬೂ ಇದೆ. ಕಲ್ಲಿಗೆ ಹೆಚ್ಚುಕಡಿಮೆ ಸಾವಿರ ವರ್ಷ. ಈ ಸರಣಿ ಆ ಜೇಬಿನ ಬಗ್ಗೆ. ನಿಧಾನಕ್ಕೆ ಓದಿ, ಸ್ವಲ್ಪ ಉದ್ದ ಇದೆ.

2/7
ಶಿರಾಳಕೊಪ್ಪದ ಪಕ್ಕದ ಬಳ್ಳಿಗಾವಿ ಅಂದ್ರೆ ನಮಗೆ ಕೇದಾರೇಶ್ವರ ದೇವಸ್ಥಾನ, ಗಂಡಭೇರುಂಡದ ಕಂಬ, ಟ್ರಿಪ್ಪಿಗೆ ಹೋದಾಗಿನ ಗ್ರೂಪ್ ಫೋಟೋ. 11ನೇ ಶತಮಾನದಲ್ಲಿ ಅದು ಬನವಾಸಿ 12000 ನಾಡಿನ ರಾಜಧಾನಿ. ಆಳುತ್ತಿದ್ದವರು ಕಲ್ಯಾಣದ ಚಾಲುಕ್ಯರು. ಊರು ದೊಡ್ಡದು, ಪೇಟೆ ದೊಡ್ಡದು, ಪೇಟೆಗೆ ಬರುತ್ತಿದ್ದ ವ್ಯಾಪಾರಿಗಳೂ ಸಣ್ಣವರಲ್ಲ.

ಅಯ್ಯಾವೊಳೆ ಐನೂರ್ವರು ಅನ್ನೋ ಹೆಸರು ಪಿಯುಸಿ ಪುಸ್ತಕದಲ್ಲಿ ಒಂದು ಸಾಲಿನಲ್ಲಿ ಬಂದು ಹೋಗುತ್ತೆ. ಈಗಿನ ಐಹೊಳೆಯ ಹೆಸರು ಹೊತ್ತ ವರ್ತಕರ ಸಂಘ ಅದು. ಎಷ್ಟು ದೂರ ಹೋಗಿದ್ರು ಅಂದ್ರೆ, 1088ರಲ್ಲಿ ಇಂಡೋನೇಷ್ಯಾದ ಸುಮಾತ್ರಾ ದ್ವೀಪದ ಲೋಬು ತುವಾ ಅನ್ನೋ ಕಡೆ ಅವರದೊಂದು ತಮಿಳು ಶಾಸನ ನಿಂತಿತ್ತು.

ಈ ಐನೂರ್ವರನ್ನು ಹೊಗಳುವ ಉದ್ದನೆಯ ಗದ್ಯ ಬಳ್ಳಿಗಾವಿಯ ಒಂದು ಶಾಸನದಲ್ಲಿದೆ. ಬಿ.ಎಲ್. ರೈಸ್ 1902ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ 7ನೇ ಸಂಪುಟದಲ್ಲಿ, ಶಿಕಾರಿಪುರ ತಾಲೂಕಿನ 118ನೇ ಶಾಸನ. ಹೊಗಳಿಕೆ ಅಂದ್ರೆ ಸಾಮಾನ್ಯ ಹೊಗಳಿಕೆ ಅಲ್ಲ! ಆನೆಯ ಹಾಗೆ ನುಗ್ಗಿ ಕೊಲ್ಲುವವರು, ಸಿಂಹದ ಹಾಗೆ ಹಾರಿ ಕೊಲ್ಲುವವರು, ಮರಳಲ್ಲಿ ಹಗ್ಗ ಹೊಸೆಯುವವರು, ಸಿಡಿಲನ್ನು ಹಿಡಿದು ತೋರಿಸುವವರು. ಚೇರ, ಚೋಳ, ಪಾಂಡ್ಯ, ಮಗಧ, ನೇಪಾಳ ಅಂತ ಸುತ್ತಿದ ದೇಶಗಳ ಪಟ್ಟಿ. ಮಾರಿದ ಸರಕಿನ ಪಟ್ಟಿಯಲ್ಲಿ ಆನೆ, ಕುದುರೆ, ಮುತ್ತು, ವಜ್ರ, ಪಚ್ಚೆ, ಏಲಕ್ಕಿ, ಲವಂಗ, ಕರ್ಪೂರ, ಕಸ್ತೂರಿ. ಕೆಲವನ್ನು ಸಗಟಾಗಿ ಮಾರಿದ್ರು, ಕೆಲವನ್ನು ಹೆಗಲ ಮೇಲೆ ಹೊತ್ತು ತಿರುಗಿ ಮಾರಿದ್ರು.

ಹೆಗಲ ಮೇಲೆ ಅನ್ನೋದನ್ನ ನೆನಪಿಟ್ಕೊಳ್ಳಿ. ವಜ್ರವನ್ನ ಯಾರೂ ಗಾಡಿಯಲ್ಲಿ ತುಂಬಲ್ಲ.

3/7
ಅದೇ ಹೊಗಳಿಕೆಯ ನಡುವೆ ಒಂದು ರೂಪಕ ಬರುತ್ತೆ. ರೈಸ್ ಅನುವಾದದ ಪ್ರಕಾರ ಅದರ ತಾತ್ಪರ್ಯ ಹೀಗೆ: ಈ ವ್ಯಾಪಾರಿಗಳಿಗೆ ಭೂಮಿಯೇ ಚೀಲ, ಅಷ್ಟದಿಕ್ಪಾಲಕರು ಅದರ ಮೂಲೆಯ ಕುಚ್ಚುಗಳು, ನಾಗಕುಲವೇ ಹಗ್ಗ, ಎಲೆಯಡಿಕೆಯ ಚೀಲವೇ ಗುಟ್ಟಿನ ಜೇಬು.

ಓದುವವರೆಲ್ಲ ಇದನ್ನ ಉತ್ಪ್ರೇಕ್ಷೆ ಅಂತ ದಾಟಿ ಹೋಗ್ತಾರೆ. ನಾನು ಇದನ್ನ ಟೈಲರ್ ಕಣ್ಣಲ್ಲಿ ಓದ್ತೀನಿ. ಬರೆದವನು ಭೂಮಿಯನ್ನ ಚೀಲಕ್ಕೆ ಹೋಲಿಸಬೇಕಾದ್ರೆ ಅವನ ಕಣ್ಣ ಮುಂದೆ ಒಂದು ನಿಜವಾದ ಚೀಲ ಇರಲೇಬೇಕಲ್ಲ? ಅದಕ್ಕೆ ಮೂಲೆಗಳಿದ್ದವು, ಅಂದ್ರೆ ಅದು ಸುಮ್ಮನೆ ಬಟ್ಟೆಯಲ್ಲಿ ಕಟ್ಟಿದ ಗಂಟಲ್ಲ, ಕತ್ತರಿಸಿ ಹೊಲಿದದ್ದು. ಮೂಲೆಗೆ ಕುಚ್ಚು. ಬಾಯಿ ಬಿಗಿಯೋಕೆ ಹಗ್ಗ, ನಮ್ಮ ಭಾಷೇಲಿ ಲಾಡಿ. ಆಮೇಲೆ ಆ ಜೇಬು. ಹೊರಗಿನವರಿಗೆ ಅದು ಎಲೆಯಡಿಕೆ ಇಡೋ ಜಾಗ. ಅದರೊಳಗೆ ಇನ್ನೇನಿದೆ ಅನ್ನೋದು ಹೊತ್ತವನಿಗೆ ಮಾತ್ರ ಗೊತ್ತು.

ಮಲೆನಾಡಿನ ಮಳೆಗೆ ಸಾವಿರ ವರ್ಷದ ಬಟ್ಟೆ ಉಳಿಯೋದುಂಟಾ? ಒಂದು ನೂಲೂ ಉಳಿದಿಲ್ಲ. ಚೀಲದ ಕಟಿಂಗ್ ಮಾತ್ರ ಹೋಲಿಕೆಯ ವೇಷದಲ್ಲಿ ಕಲ್ಲಿನ ಮೇಲೆ ಕೂತಿದೆ.

ಹೆಗಲಿಗೆ ಹಾಕೋ ಈ ಥರದ ಚೀಲಕ್ಕೆ ಹಳಗನ್ನಡದಲ್ಲಿ ಪಸುಂಬೆ ಅಂತಿದ್ರು. ಅದೇ ಮುಂದೆ ಹಸುಬೆ ಆಯ್ತು. ಎರಡೂ ಕಡೆ ಚೀಲ, ನಡುವೆ ಬಾಯಿ. ಹೆಗಲ ಮೇಲೆ ಹಾಕಿದ್ರೆ ಬಾಯಿ ನಿಮ್ಮ ಭುಜಕ್ಕೇ ಒತ್ತಿಕೊಂಡಿರುತ್ತೆ. ಭಾರವೇ ಬೀಗ.

ಇನ್ನೊಂದು ವಿಷಯ. ಅದೇ ಶಾಸನದ ಕೊನೆಯ ಕಡೆ, ಈ ಜನ ಎಂಥ ವ್ಯಾಜ್ಯ ಬಂದರೂ ಹಿಂದೆಗೆಯುವವರಲ್ಲ ಅಂತ ಹೇಳುವಾಗ ಬರೋ ಉದಾಹರಣೆಗಳು: ತುಂಬಿ ಹರಿದ ಚೀಲ, ಧಾನ್ಯ ಹೊತ್ತು ಓಡಿಹೋದ ಕತ್ತೆ, ಲೂಟಿಯಾದ ಗಾಡಿ, ತಪ್ಪಿಸಿದ ಸುಂಕ. ಸಿಡಿಲು ಹಿಡಿಯೋರಿಗೂ ರಾತ್ರಿ ನಿದ್ದೆಗೆಡಿಸುತ್ತಿದ್ದದ್ದು ಇವೇ.

4/7
ಕಳ್ಳ ಹೇಗೆ ಕದಿಯುತ್ತಿದ್ದ?

ಇದಕ್ಕೂ ಅದೇ ರಾಜ್ಯದಲ್ಲಿ, ಒಂದೆರಡು ತಲೆಮಾರಿನ ನಂತರ ಬರೆದ ಉತ್ತರ ಇದೆ. ಆರನೇ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಅನ್ನೋ ವ್ಯಾಖ್ಯಾನ ಬರೆದ. ನಾವು ಅದನ್ನ ಆಸ್ತಿ ಹಂಚಿಕೆಯ ಕಾನೂನು ಅಂತ ಓದ್ತೀವಿ. ಆದ್ರೆ ಅದರಲ್ಲಿ ಜೇಬುಗಳ್ಳರ ಬಗ್ಗೆಯೂ ಇದೆ. ಅಲ್ಲಿ ಅವರ ಹೆಸರು ‘ಗ್ರಂಥಿಭೇದ’, ಅಂದ್ರೆ ಗಂಟು ಒಡೆಯುವವನು. ಹಳೇ ಕನ್ನಡದ ಗಂಟುಗಳ್ಳ ಅನ್ನೋ ಪದವೂ ಅದೇ. ಜೇಬು ಬರೋ ಮುಂಚೆ ದುಡ್ಡು ಇರ್ತಿದ್ದದ್ದು ಗಂಟಿನಲ್ಲಿ ತಾನೇ.

ವಿಜ್ಞಾನೇಶ್ವರ ಗಂಟುಗಳ್ಳನ ಕೆಲಸವನ್ನ ಎರಡೇ ಮಾತಿನಲ್ಲಿ ಹಿಡಿದಿದ್ದಾನೆ. ಬಟ್ಟೆಯಲ್ಲಿ ಕಟ್ಟಿದ ಚಿನ್ನವನ್ನು ಒಂದೋ ಬಿಚ್ಚಿ ಕದಿಯುತ್ತಾನೆ, ಇಲ್ಲ ಕತ್ತರಿಸಿ ಕದಿಯುತ್ತಾನೆ. ಇವತ್ತಿನ ಬ್ಯಾಗ್ ಕಂಪನಿಯವರು ಜಿಪ್ ಲಾಕ್ ಮಾಡೋದು ಬಿಚ್ಚುವವನಿಗೆ, ಒಳಗೆ ಉಕ್ಕಿನ ಜಾಲರಿ ಕೂರಿಸೋದು ಕತ್ತರಿಸುವವನಿಗೆ. ಮೂರನೇ ದಾರಿ ಒಂಬೈನೂರು ವರ್ಷದಲ್ಲಿ ಬಂದೇ ಇಲ್ಲ, ಇಡೀ ಬ್ಯಾಗನ್ನೇ ಕಿತ್ತುಕೊಂಡು ಓಡೋದು ಬಿಟ್ಟರೆ.

ಶಿಕ್ಷೆ? ಮೊದಲ ಸಲಕ್ಕೆ ಗಂಟುಗಳ್ಳನ ಹೆಬ್ಬೆರಳು, ತೋರುಬೆರಳು ಹೋಗುತ್ತೆ. ಇಕ್ಕಳದ ಹಾಗೆ ಹಿಡಿಯುವ ಎರಡು ಬೆರಳು. ಎರಡನೇ ಸಲ ಒಂದು ಕೈ, ಒಂದು ಕಾಲು. ಓದುವಾಗ ಮೈ ಜುಮ್ಮೆನ್ನುತ್ತೆ. ಇಷ್ಟು ಕ್ರೂರ ಶಿಕ್ಷೆ ಪುಸ್ತಕದಲ್ಲಿದ್ದರೂ ವ್ಯಾಪಾರಿ ಗುಟ್ಟಿನ ಜೇಬು ಹೊಲಿಸಿಕೊಳ್ಳೋದನ್ನ ಬಿಟ್ಟಿರಲಿಲ್ಲ ನೋಡಿ. ದಾರಿಯಲ್ಲಿ ಕಾನೂನನ್ನ ನಂಬಿ ಯಾರೂ ಹೋಗ್ತಿರಲಿಲ್ಲ. ಸೊರಬ, ಶಿಕಾರಿಪುರದ ಹಳ್ಳಿ ಹಳ್ಳಿಯಲ್ಲಿ ನಿಂತಿರೋ ವೀರಗಲ್ಲುಗಳನ್ನೇ ನೋಡಿ. ದನ ಹೊಡೆದುಕೊಂಡು ಹೋದವರನ್ನು ತಡೆಯೋಕೆ ಹೋಗಿ ಸತ್ತವರು ಎಷ್ಟೊಂದು ಜನ. ಆಗ ಊರಿಗೆ ಊರೇ ಕಳ್ಳತನದ ಭಯದಲ್ಲಿ ಬದುಕ್ತಿತ್ತು.

5/7
ಈಗ ಎಲೆಯಡಿಕೆ ಚೀಲಕ್ಕೆ ಬರೋಣ. ಗುಟ್ಟಿನ ಜೇಬಾಗೋಕೆ ಅದನ್ನೇ ಯಾಕೆ ಆರಿಸಿದ್ರು?

ಆ ಚೀಲ ಯಾವಾಗಲೂ ಮೈಗೆ ಅಂಟಿಕೊಂಡಿರುತ್ತೆ, ಅದು ಮೊದಲ ಕಾರಣ. ಹತ್ತು ಸಲ ಅದಕ್ಕೆ ಕೈ ಹಾಕಿದ್ರೂ ಯಾರಿಗೂ ಅನುಮಾನ ಬರಲ್ಲ, ಅದು ಎರಡನೇದು. ಬಸ್ಸಿನಲ್ಲಿ ಪದೇ ಪದೇ ಪರ್ಸ್ ಮುಟ್ಟಿ ನೋಡ್ಕೊಳ್ಳೋರು ಕಳ್ಳನಿಗೆ ವಿಳಾಸ ಹೇಳಿಕೊಟ್ಟ ಹಾಗೆ. ಎಲೆ ತೆಗೆಯೋ ನೆಪದಲ್ಲಿ ಮುಟ್ಟಿ ನೋಡ್ಕೊಂಡ್ರೆ ಯಾರಿಗೆ ಗೊತ್ತಾಗುತ್ತೆ?

ಇದಕ್ಕೆ ಹಡಪ ಅಂತಲೂ ಸಂಚಿ ಅಂತಲೂ ಹೆಸರು. ಅರಮನೆಯಲ್ಲಿ ಇದನ್ನ ಹಿಡಿಯೋದು ನಂಬಿಕಸ್ತರ ಕೆಲಸ, ಯಾಕಂದ್ರೆ ವಿಷ ಹಾಕೋಕೆ ಎಲೆಯಡಿಕೆಗಿಂತ ಸುಲಭದ ದಾರಿ ಇಲ್ಲ. ಬಸವಣ್ಣನವರ ಜೊತೆಗಿದ್ದ ಹಡಪದ ಅಪ್ಪಣ್ಣನ ಹೆಸರಿನಲ್ಲಿರೋದು ಈ ಚೀಲವೇ. 17ನೇ ಶತಮಾನದಲ್ಲಿ ಮೈಸೂರಿನ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಸಂಚಿ ಹಿಡಿಯುತ್ತಿದ್ದ ಹೊನ್ನಮ್ಮ ‘ಹದಿಬದೆಯ ಧರ್ಮ’ ಬರೆದು ಸಂಚಿಯ ಹೊನ್ನಮ್ಮ ಅಂತಲೇ ಉಳಿದಳು. ಚೀಲದ ಹೆಸರಿನಿಂದ ಗುರುತಿಸಿಕೊಳ್ಳೋ ಕವಿ ಬೇರೆ ಯಾವ ಭಾಷೆಯಲ್ಲಿದ್ದಾರೋ, ಗೊತ್ತಿದ್ದರೆ ಹೇಳಿ.

ಅಡಿಕೆ ಸೀಮೆಯ ನಮ್ಮ ಅಜ್ಜಿಯಂದಿರ ಸಂಚಿ ಬಿಚ್ಚಿ ನೋಡಿದೀರಾ? ಹೊರಗಿಂದ ಅಂಗೈಯಗಲದ ಬಟ್ಟೆ. ಲಾಡಿ ಸಡಿಲಿಸಿದ್ರೆ ಒಂದರ ಬೆನ್ನಿಗೆ ಒಂದು ಖಾನೆ. ಎಲೆಗೊಂದು, ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು, ಹೊಗೆಸೊಪ್ಪಿಗೊಂದು. ಎಲ್ಲಕ್ಕಿಂತ ಒಳಗೆ, ಕೈ ಹಾಕಿದ್ರೂ ಹೊಲಿಗೆ ಅಂತಲೇ ಅನ್ನಿಸೋ ಕಡೆ, ಮಡಚಿದ ನೋಟು. ಸಂಚಿಯನ್ನ ಸೊಂಟಕ್ಕೆ ಸಿಕ್ಕಿಸಿ ಮೇಲೆ ಸೆರಗು ಬಂದ್ರೆ ಅದು ಇದೆ ಅಂತಲೇ ಗೊತ್ತಾಗಲ್ಲ.

ಗಂಡಸರಿಗೆ ಹಮ್ಮಿಣಿ ಇತ್ತು. ಉದ್ದ, ಸಪೂರ ಬಟ್ಟೆಯ ಕೊಳವೆ. ನಾಣ್ಯ ತುಂಬಿ ಸೊಂಟಕ್ಕೆ ಸುತ್ತಿ ಕಟ್ಟೋದು. ಇದರ ಹಿಂದೆ ಸರಳ ಲೆಕ್ಕ ಇದೆ. ಕೆಳದಿ ಅರಸರ ಇಕ್ಕೇರಿ ವರಹ ಸುಮಾರು 3.4 ಗ್ರಾಂ ಚಿನ್ನ. ನೂರು ವರಹ ಅಂದ್ರೆ 340 ಗ್ರಾಂ. ಒಂದೇ ಗಂಟಿನಲ್ಲಿ ಕಟ್ಟಿದ್ರೆ ಜೋತು ಬೀಳುತ್ತೆ, ಸದ್ದು ಮಾಡುತ್ತೆ. ಕೊಳವೆಯಲ್ಲಿ ಒತ್ತಾಗಿ ತುಂಬಿ ಸುತ್ತಿದ್ರೆ ಭಾರ ಹಂಚಿಹೋಗುತ್ತೆ, ಝಣಝಣ ಅನ್ನಲ್ಲ. ಬಿಚ್ಚಬೇಕಂದ್ರೆ ಮನುಷ್ಯನ ಸುತ್ತ ಒಂದು ಪ್ರದಕ್ಷಿಣೆ ಹಾಕಬೇಕು!

6/7
ಇಲ್ಲಿಯವರೆಗೆ ಕಳ್ಳ ಅಂದ್ರೆ ಹೊರಗಿನವನು ಅಂದ್ಕೊಂಡೇ ಓದಿದ್ರಿ ಅಲ್ವಾ? ಸಂಚಿಯ ಒಳಖಾನೆ ಹೊಲಿದದ್ದು ಬರೀ ಜಾತ್ರೆಯ ಜೇಬುಗಳ್ಳನಿಗಾಗಿ ಅಲ್ಲ. ಎಷ್ಟೋ ಮನೆಗಳಲ್ಲಿ ಅಡಿಕೆ ಸುಲಿದು, ನಾಟಿ ಮಾಡಿ ಹೆಂಗಸು ತಂದ ಕೂಲಿಯ ದುಡ್ಡು ಸಂಜೆ ಹೊತ್ತಿಗೆ ಸಾರಾಯಿ ಅಂಗಡಿ ಸೇರ್ತಿತ್ತು. ಮನೆಯೊಳಗೆ ಸಾಸಿವೆ ಡಬ್ಬಿ, ಮನೆಯ ಹೊರಗೆ ಸಂಚಿ. ಮಗಳ ಶಾಲೆಯ ಫೀಸು ಎಷ್ಟೋ ಸಲ ಹೊರಬಂದದ್ದು ಸುಣ್ಣದ ಡಬ್ಬಿಯ ಹಿಂದಿನಿಂದ. ಇದನ್ನ ಯಾವ ಶಾಸನವೂ ಹೇಳಲ್ಲ. ಹೊಲಿದವರ ಹೆಸರು ಐನೂರ್ವರ ಹೊಗಳಿಕೆಯಲ್ಲೂ ಇಲ್ಲ.

ಹೆಂಗಸರ ಉಡುಪಿಗೆ ಜೇಬಿಲ್ಲದ ಕಥೆ ನಮ್ಮದೊಂದೇ ಅಲ್ಲ. ಇಂಗ್ಲೆಂಡಿನ ಹೆಂಗಸರು 17ರಿಂದ 19ನೇ ಶತಮಾನದವರೆಗೂ ಜೇಬನ್ನ ಬೇರೆಯಾಗಿ ಹೊಲಿದು, ಪಟ್ಟಿಯಿಂದ ಸೊಂಟಕ್ಕೆ ಕಟ್ಟಿ, ಲಂಗದ ಒಳಗೆ ಬಚ್ಚಿಡ್ತಿದ್ರು. ಉಡುಪು ತೆಳ್ಳಗಾಗಿ ಆ ಜೇಬಿಗೆ ಜಾಗ ಇಲ್ಲದಾಗ ಕೈಚೀಲ ಬಂತು. ಕೈಚೀಲ ಬಂದ ಮೇಲೆ ದುಡ್ಡು ಮೈಯಿಂದ ದೂರ ಹೋಯ್ತು, ಕಿತ್ತುಕೊಳ್ಳೋದು ಸುಲಭವಾಯ್ತು.

ನಮ್ಮೆರಡೂ ತಾಲೂಕಿನ ತಾಂಡಾಗಳನ್ನ ಮರೆಯೋ ಹಾಗಿಲ್ಲ. ಲಂಬಾಣಿಗರು ಎತ್ತಿನ ಮೇಲೆ ಉಪ್ಪು, ಧಾನ್ಯ ಹೇರಿ ದೇಶ ಸುತ್ತಿದವರು. ಸೈನ್ಯಗಳಿಗೆ ದವಸ ಮುಟ್ಟಿಸಿದವರು. ಲಂಬಾಣಿ ಹೆಂಗಸರ ಚೀಲಗಳಲ್ಲಿ ಹಳೇ ಬಟ್ಟೆಯ ಪದರ ಪದರ ಸೇರಿಸಿ ಒತ್ತೊತ್ತಾಗಿ ಹೊಲಿಗೆ, ಅಂಚಿಗೆ ಕವಡೆ, ಕನ್ನಡಿ. ನಾವು ಅದನ್ನ ಅಲಂಕಾರ ಅಂತೀವಿ. ನನ್ನ ಊಹೆ ಬೇರೆ. ಪದರ ಹೆಚ್ಚಾದಷ್ಟೂ ಬ್ಲೇಡು ನಿಧಾನ, ಕವಡೆ ಇದ್ದರೆ ಯಾರಾದರೂ ಎಳೆದ ಕೂಡಲೇ ಸದ್ದು. ಸೊಂಡೂರಿನ ಲಂಬಾಣಿ ಕಸೂತಿಗೆ ಜಿಐ ಮಾನ್ಯತೆ ಇದೆ, 2023ರ ಜುಲೈನಲ್ಲಿ ಹಂಪಿಯ ಜಿ20 ಸಭೆಯ ಹೊತ್ತಿಗೆ ಅದರ ಪ್ರದರ್ಶನ ಗಿನ್ನೆಸ್ ದಾಖಲೆಯೂ ಆಯ್ತು. ಅಲಂಕಾರಕ್ಕೆ ಸಿಕ್ಕ ಮರ್ಯಾದೆ ಅದರೊಳಗಿನ ಬುದ್ಧಿಗೂ ಸಿಗಬೇಕಿತ್ತು.

7/7
2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಸರ್ಕಾರಿ ಬಸ್ಸಿನಲ್ಲಿ ನಮಗೆ ಟಿಕೆಟ್ ದುಡ್ಡಿಲ್ಲ. ಆದ್ರೆ ಗುರುತಿನ ಚೀಟಿ ತೋರಿಸಬೇಕು. ಅಂದ್ರೆ ನಿಂತುಕೊಳ್ಳೋಕೂ ಜಾಗವಿಲ್ಲದ ಬಸ್ಸಿನಲ್ಲಿ, ಒಂದು ಕೈಯಲ್ಲಿ ಕಂಬಿ ಹಿಡಿದು, ಎಲ್ಲರ ಕಣ್ಣೆದುರು ಬ್ಯಾಗ್ ತೆಗೀಬೇಕು. ಫೋನು, ದುಡ್ಡು, ಆಧಾರ್ ಎಲ್ಲ ಒಂದೇ ಖಾನೆಯಲ್ಲಿದ್ರೆ ಅಲ್ಲೇ ಕಥೆ ಮುಗೀತು. ಅಜ್ಜಿಯ ಸಂಚಿಯಲ್ಲಿ ಈ ಸಮಸ್ಯೆಯೇ ಇಲ್ಲ. ಪದೇ ಪದೇ ಬೇಕಾದ ಎಲೆ ಹೊರಗೆ, ಅಪರೂಪಕ್ಕೆ ಬೇಕಾದ ದುಡ್ಡು ಒಳಗೆ.

ಅದಕ್ಕೇ ಕೊನೆಯ ಫೋಟೋದಲ್ಲಿರೋ ಚೀಲ. ಹೊಲಿಯೋ ಕ್ರಮ ಕೇಳುವವರಿಗೆ ಇಲ್ಲಿದೆ.

ಹೊರಬಟ್ಟೆಗೆ ಹಳೇ ಜೀನ್ಸ್, ಒಳಗೆ ಹತ್ತಿಯ ಅಸ್ತರು, ನಡುವೆ ಹಳೇ ಸೀರೆಯ ಎರಡು ಪದರ. ಅಸ್ತರು ಬಿಟ್ಟು ಹೊರಬಟ್ಟೆಯನ್ನೂ ಸೀರೆಯ ಪದರಗಳನ್ನೂ ಸೇರಿಸಿ ಕೌದಿ ಹೊಲಿದ ಹಾಗೆ ಒಂದೊಂದು ಸೆಂಟಿಮೀಟರಿಗೆ ಒಂದು ಸಾಲು ಹೊಲಿಗೆ. ಇದು ಬ್ಲೇಡನ್ನ ತಡೆಯಲ್ಲ, ತಡ ಮಾಡುತ್ತೆ. ಅಷ್ಟರಲ್ಲಿ ನಿಮಗೆ ಗೊತ್ತಾಗುತ್ತೆ. ಪಟ್ಟಿಯನ್ನ ಎರಡು ಪಕ್ಕಕ್ಕೆ ಹಚ್ಚಿ ಬಿಡಬೇಡಿ, ಚೀಲದ ತಳದ ಕೆಳಗಿನಿಂದ ಸುತ್ತಿ ತನ್ನಿ, ಕಿತ್ತು ಬರಲ್ಲ. ಪಟ್ಟಿಯ ಒಳಗೆ ಸೈಕಲ್ ಬ್ರೇಕ್ ವೈರ್ ಎಳೆದು ಎರಡೂ ತುದಿಯನ್ನ ಮಡಚಿ ಗಟ್ಟಿಯಾಗಿ ಹೊಲೀರಿ, ಚೂಪು ತುದಿ ಮೈಗೆ ಚುಚ್ಚಬಾರದು. ಜಿಪ್ ಮೈಗೆ ತಾಗೋ ಕಡೆ ಬರಲಿ, ಅದರ ಎಳೆಯೋ ತುದಿ ಒಂದು ಗುಂಡಿಯ ಕೆಳಗೆ ಸಿಕ್ಕಿಕೊಳ್ಳಲಿ. ಹೊರಗಡೆ ಆಧಾರ್ ಹಿಡಿಸೋ ಒಂದೇ ಒಂದು ಸಣ್ಣ ಖಾನೆ, ಬೇರೇನೂ ಇಡಬೇಡಿ.

ಗುಟ್ಟಿನ ಜೇಬು ಅಸ್ತರಿನ ಹಿಂದೆ. ಅಗಲ 10 ಸೆಂಟಿಮೀಟರ್, ಉದ್ದ 18. ಬಾಯಿ ಮೇಲಕ್ಕಲ್ಲ, ಪಕ್ಕಕ್ಕೆ, ಅಸ್ತರಿನ ಜೋಡಣೆಯ ಸಾಲಿನಲ್ಲೇ. ನೋಡಿದವರಿಗೆ ಹೊಲಿಗೆ ಸ್ವಲ್ಪ ಬಿಟ್ಟಿದೆ ಅನ್ನಿಸಬೇಕು.

ಮನೆಯಲ್ಲಿ ಹಳೇ ಸಂಚಿ, ಹಮ್ಮಿಣಿ, ಹಸುಬೆ ಇದ್ದರೆ ಒಳಗನ್ನ ಹೊರಗೆ ಮಾಡಿ ಫೋಟೋ ತೆಗೆದು ಕಳಿಸಿ. ಎಷ್ಟು ಖಾನೆ, ಲಾಡಿ ಯಾವ ಕಡೆಯಿಂದ ಬರುತ್ತೆ, ಯಾರು ಹೊಲಿದದ್ದು ಅಂತಲೂ ಬರೀರಿ. ಅದರಲ್ಲಿ ದುಡ್ಡು ಎಲ್ಲಿರ್ತಿತ್ತು ಅನ್ನೋದನ್ನ ಮಾತ್ರ ಅಜ್ಜಿಯ ಒಪ್ಪಿಗೆ ಕೇಳಿ ಬರೀರಿ.

#ಬಳ್ಳಿಗಾವಿ #ಶಿಕಾರಿಪುರ #ಸೊರಬ #ಸಂಚಿ