ರಸ್ತೆ ಕಣದ ದೂಳು, ಎಂಜಿನ್ನಿನ ಗಾಳಿ

ಪಾಂಡವಪುರದಲ್ಲಿ ನಾನು ಸ್ಪ್ಯಾನರ್ ಹಿಡಿಯುವುದನ್ನು ಕಲಿತಾಗ ಗ್ಯಾರೇಜಿಗೆ ಬರುತ್ತಿದ್ದದ್ದು ಅಂಬಾಸಿಡರ್, ಪದ್ಮಿನಿ, ಒಂದಷ್ಟು ಮಾರುತಿ 800. ಗಾಳಿಯ ಲೆಕ್ಕವೆಲ್ಲ ಕಾರ್ಬೊರೇಟರಿನದು. ಎಂಜಿನ್ ಎಳೆದ ಗಾಳಿ ಇಕ್ಕಟ್ಟಾದ ದಾರಿಯಲ್ಲಿ ರಭಸವಾಗಿ ನುಗ್ಗಿ, ಜೆಟ್ಟಿನಿಂದ ಪೆಟ್ರೋಲನ್ನು ಹೀರಿಕೊಳ್ಳುತ್ತಿತ್ತು. ಮೇಸ್ತ್ರಿ ಬಗ್ಗಿ ಸ್ಕ್ರೂ ಕಾಲು ಸುತ್ತು ತಿರುಗಿಸಿ, ಸದ್ದು ಕೇಳಿಯೇ ಟ್ಯೂನಿಂಗ್ ಮುಗಿಸುತ್ತಿದ್ದರು. ಬಿಚ್ಚಿದ ಪ್ಲಗ್ ಮಸಿಯಾಗಿದ್ದರೆ ಪೆಟ್ರೋಲ್ ಜಾಸ್ತಿ, ಬೆಳ್ಳಗಿದ್ದರೆ ಗಾಳಿ ಜಾಸ್ತಿ. ಕೆ.ಆರ್. ಪೇಟೆ, ನಾಗಮಂಗಲದಲ್ಲೂ ಇದೇ ವಿದ್ಯೆ.

ಮಾರುತಿ 800 ಬಂದದ್ದು 1983ರ ಕೊನೆಗೆ. ಅಷ್ಟರಲ್ಲಿ ಜರ್ಮನಿಯ ಬಾಷ್ ಕಂಪನಿ ಗಾಳಿ ಅಳೆಯಲು ಬಿಸಿ ತಂತಿಯನ್ನು ಕಾರಿಗೆ ಅಳವಡಿಸಿಯಾಗಿತ್ತು. ಕೂದಲಿನಷ್ಟು ತೆಳುವಾದ ಪ್ಲಾಟಿನಂ ತಂತಿ ಅದು. ಗಾಳಿ ಬೀಸಿದಷ್ಟೂ ತಣ್ಣಗಾಗುತ್ತದೆ, ಬಿಸಿ ಇಳಿಯದಿರಲು ಹೆಚ್ಚು ಕರೆಂಟ್ ಬೇಕು; ಆ ಕರೆಂಟಿನಿಂದಲೇ ಒಳಹೋದ ಗಾಳಿಯ ತೂಕ ಗೊತ್ತಾಗುತ್ತದೆ. ಈಗ ತಂತಿಯ ಜಾಗದಲ್ಲಿ ತೆಳು ಪದರ ಬಂದಿದೆ, ಕೆಲಸ ಅದೇ. 2000ದ ಏಪ್ರಿಲಿನಲ್ಲಿ ಇನ್ನಷ್ಟು ಬಿಗಿಯಾದ ಹೊಗೆ ನಿಯಮ ದೇಶಕ್ಕೆಲ್ಲ ಬಂದ ಮೇಲೆ ಕಾರ್ಬೊರೇಟರ್ ಹಿಂದೆ ಸರಿಯಿತು. ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಬಹಳಷ್ಟಕ್ಕೆ ಒತ್ತಡ ನೋಡುವ ಸೆನ್ಸರೇ ಸಾಕಾಯಿತು. ಗಾಳಿ ಅಳೆಯುವ ಸೆನ್ಸರನ್ನು ನಾವು ಹೆಚ್ಚಾಗಿ ಕಂಡದ್ದು ಶ್ರೀರಂಗಪಟ್ಟಣ, ನಿಮಿಷಾಂಬ, ಮೇಲುಕೋಟೆಗೆ ಜನರನ್ನು ಕರೆತರುವ ಡೀಸೆಲ್ ಟ್ಯಾಕ್ಸಿಗಳಲ್ಲಿ.

ಈ ಸೆನ್ಸರಿಗೆ ದೂಳು ಆಗದು, ಇಲ್ಲಿನ ದೂಳಿಗೂ ಚರಿತ್ರೆಯಿದೆ. ಹಿಂದೆ ಸಗಣಿ ಸಾರಿಸಿದ ಕಣದಲ್ಲಿ ಎತ್ತು ಕಟ್ಟಿ ಗುಂಡು ಎಳೆಸಿ ರಾಗಿ ಒಕ್ಕುತ್ತಿದ್ದರು. ಕಣಗಳು ಹೋದವು, ಎತ್ತು ಕಡಿಮೆಯಾದವು, ಟಾರು ರಸ್ತೆಯೇ ಕಣವಾಯಿತು. ಸುಗ್ಗಿಯಲ್ಲಿ ನಾಗಮಂಗಲದ ಕಡೆ ಹೋಗಿ ನೋಡಿ, ರಾಗಿ ತೆನೆ, ಹುರುಳಿ ಗಿಡ ರಸ್ತೆಯುದ್ದಕ್ಕೂ ಹಾಸಿರುತ್ತವೆ. ಒಕ್ಕುವುದು ನಮ್ಮ ಚಕ್ರಗಳು. ಹೊಟ್ಟು ಏರ್ ಫಿಲ್ಟರ್ ಸೇರುತ್ತದೆ. ಫಿಲ್ಟರ್ ಡಬ್ಬಿಯ ಕ್ಲಿಪ್ ಸರಿಯಾಗಿ ಕೂರದಿದ್ದರೆ ನುಣ್ಣನೆಯ ದೂಳು ಸೆನ್ಸರಿಗೆ ಮೆತ್ತಿಕೊಳ್ಳುತ್ತದೆ. ಅದು ಗಾಳಿಯನ್ನು ಕಡಿಮೆ ತೋರಿಸುತ್ತದೆ, ಗಾಡಿಯ ಕಂಪ್ಯೂಟರ್ ಡೀಸೆಲ್ ಕಡಿಮೆ ಬಿಡುತ್ತದೆ, ಮೇಲುಕೋಟೆ ಬೆಟ್ಟ ಹತ್ತುವಾಗ ಪಿಕಪ್ಪೇ ಇರುವುದಿಲ್ಲ.

ಸ್ಕ್ಯಾನರ್ ಹಾಕಿದರೆ ಪಿ0101 ಎಂದು ಬರುತ್ತದೆ. ಅದನ್ನು ನೋಡಿದ ಕೂಡಲೇ ಹೊಸ ಸೆನ್ಸರ್ ತರಿಸುವುದು ಗಿರಾಕಿಗೆ ಮಾಡುವ ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಗಾಳಿಯ ಲೆಕ್ಕ ತಾಳೆಯಾಗುತ್ತಿಲ್ಲ ಎನ್ನುವುದಷ್ಟೇ ಆ ಕೋಡಿನ ಅರ್ಥ. ಸೆನ್ಸರಿನಾಚೆ ಹೋಸ್ ಸೀಳಿದ್ದರೂ ಅದು ಬರಬಹುದು. ನಾನು ಮೊದಲು ಡಬ್ಬಿ ತೆರೆಯುತ್ತೇನೆ, ಹೋಸನ್ನು ಬಗ್ಗಿಸಿ ಒಂದೊಂದು ಮಡಿಕೆಯಲ್ಲೂ ಬೆರಳಾಡಿಸುತ್ತೇನೆ. ಸೀಳು ಕಣ್ಣಿಗಿಂತ ಬೆರಳಿಗೆ ಬೇಗ ಸಿಗುತ್ತದೆ. ಆಮೇಲೆ ಸೆನ್ಸರಿನ ಕಪ್ಲರ್ ತೆಗೆದು ಓಡಿಸುತ್ತೇನೆ. ಆಗ ಎಳೆತ ಸುಧಾರಿಸಿದರೆ ಅನುಮಾನ ಸೆನ್ಸರಿನ ಮೇಲೆಯೇ. ಅದಕ್ಕೆಂದೇ ಸಿಗುವ ಸ್ಪ್ರೇ ಹೊಡೆದು, ಪೂರ್ತಿ ಒಣಗಿಸಿ ಕೂರಿಸಿದರೆ ಎಷ್ಟೋ ಗಾಡಿಗಳು ಹಳೇ ಸೆನ್ಸರಿನಲ್ಲೇ ಚೆನ್ನಾಗಿ ಓಡುತ್ತವೆ.

ಒಕ್ಕಣೆ ಕಾಲ ಮುಗಿದೊಡನೆ ಏರ್ ಫಿಲ್ಟರ್ ಬಿಚ್ಚಿಸಿ ನೋಡಿ. ಸೆನ್ಸರಿಗೆ ಬಟ್ಟೆ, ಬ್ರಷ್ ತಾಗಿಸಲು, ಕಂಪ್ರೆಸರ್ ಗಾಳಿ ಹಿಡಿಯಲು ಯಾರಿಗೂ ಬಿಡಬೇಡಿ.