ಕಟ್ಟುವ ಮೊದಲು ಕಟ್ಟಿದ್ದು

ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದಲ್ಲಿ ಅವರ ಕನ್ನಡಕ, ಬಟ್ಟಲು, ವಿಸಿಟಿಂಗ್ ಕಾರ್ಡ್ ಮುದ್ರಿಸುತ್ತಿದ್ದ ಅಚ್ಚುಗಳ ಜೊತೆಗೆ ಕೃಷ್ಣರಾಜಸಾಗರದ ಒಂದು ಮಾದರಿಯೂ ಇದೆ. ನಾನು ಅಲ್ಲಿಗೆ ಕರೆದುಕೊಂಡು ಹೋದ ಮಕ್ಕಳು ಅದರ ಮುಂದೆಯೇ ಹೆಚ್ಚು ಹೊತ್ತು ನಿಲ್ಲುತ್ತಿದ್ದರು. ದೊಡ್ಡ ಅಣೆಕಟ್ಟೆಯನ್ನು ಚಿಕ್ಕದಾಗಿ ತೋರಿಸಲು ಮಾಡಿದ ಮಾದರಿ ಅದು. ಇನ್ನೊಂದು ಬಗೆಯ ಮಾದರಿಯಿದೆ. ಇನ್ನೂ ಹುಟ್ಟದ ವಸ್ತುವನ್ನು ಒಮ್ಮೆ ಕಟ್ಟಿ, ಬಿಸಿಲಿಗೆ ಮಳೆಗೆ ಒಡ್ಡಿ, ಎಲ್ಲಿ ಸೋಲುತ್ತದೆ ಎಂದು ಕಂಡುಕೊಳ್ಳುವುದಕ್ಕೆ ಮಾಡುವಂಥದ್ದು. ಎಂಜಿನಿಯರುಗಳು ಪ್ರೋಟೋಟೈಪ್ ಎನ್ನುವುದು ಇದನ್ನೇ. ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಇತಿಹಾಸದಲ್ಲಿ ಇದರ ಪಾಲು ದೊಡ್ಡದು, ಅದನ್ನು ಹೇಳುವವರು ಕಡಿಮೆ.

ಕೃಷ್ಣರಾಜಸಾಗರದ, ಅಂದರೆ ಕನ್ನಂಬಾಡಿ ಕಟ್ಟೆಯ, ಗೇಟುಗಳನ್ನೇ ನೋಡಿ. ನೀರು ಒಂದು ಮಟ್ಟ ಮೀರಿದರೆ ತಾವಾಗಿ ತೆರೆದುಕೊಳ್ಳುವ ಗೇಟುಗಳನ್ನು ವಿಶ್ವೇಶ್ವರಯ್ಯನವರು ಮೊದಲು ಹಾಕಿಸಿದ್ದು 1903ರಲ್ಲಿ, ಪುಣೆಯ ಹತ್ತಿರದ ಖಡಕ್‌ವಾಸ್ಲಾದಲ್ಲಿ. ಅಲ್ಲಿ ಗೆದ್ದ ಮೇಲೆ ಗ್ವಾಲಿಯರಿನ ಟಿಗ್ರಾ, ಆಮೇಲೆ ಕಾವೇರಿ. ಕನ್ನಂಬಾಡಿಯ ಹೆಸರು ಎಲ್ಲರ ಬಾಯಲ್ಲಿದೆ, ಖಡಕ್‌ವಾಸ್ಲಾ ನಮ್ಮ ಪಾಠಗಳಲ್ಲಿ ಬರುವುದೇ ಇಲ್ಲ.

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದವನು. ಪ್ರತಿ ವರ್ಷದ ವಸ್ತುಪ್ರದರ್ಶನಕ್ಕೆ ಚಿಂತಾಮಣಿ, ಶಿಡ್ಲಘಟ್ಟ, ಬಾಗೇಪಲ್ಲಿಯಿಂದ ಮಕ್ಕಳು ಥರ್ಮಾಕೋಲ್ ರಾಕೆಟ್, ಥರ್ಮಾಕೋಲ್ ಅಣೆಕಟ್ಟು ಹೊತ್ತು ತರುತ್ತಿದ್ದರು. ಬಣ್ಣ ಚೆನ್ನಾಗಿದ್ದದ್ದಕ್ಕೆ ಬಹುಮಾನ. ಹೇಗೆ ಮಾಡಿದೆ, ಮೊದಲ ಸಲ ಏನು ಕೆಟ್ಟಿತು, ಆಮೇಲೆ ಏನು ಬದಲಿಸಿದೆ ಎಂದು ತೀರ್ಪುಗಾರರು ಕೇಳಿದ್ದನ್ನು ನಾನು ಕಾಣೆ. ನನಗೆ ಅದು ಈಗಲೂ ಸಂಕಟ. ಯಾಕೆಂದರೆ ಆ ಪ್ರಶ್ನೆಗೆ ಉತ್ತರ ಹೇಳುವ ಬಯಲು ಗೌರಿಬಿದನೂರಿನ ಪಕ್ಕದಲ್ಲೇ ಇದೆ.

1960ರ ದಶಕದಲ್ಲೇ ಭಾಭಾ ಪರಮಾಣು ಕೇಂದ್ರದವರು ಇಲ್ಲಿ ನೆಲದ ನಡುಕ ಅಳೆಯುವ ಉಪಕರಣಗಳ ಸಾಲು ಹೂಡಿದ್ದರು. ದೂರದೇಶಗಳ ಪರಮಾಣು ಸ್ಫೋಟಗಳ ಕಂಪನ ಅದಕ್ಕೆ ತಿಳಿಯುತ್ತಿತ್ತು. 1976ರ ಹೊತ್ತಿಗೆ ಆಕಾಶದ ಸದ್ದು ಹಿಡಿಯುವ ಸಾಲೂ ಬಂತು. ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ ಕಟ್ಟಿದ ರೇಡಿಯೊ ದೂರದರ್ಶಕ ಅದು. ಮುಂದೆ ನಿಂತು ಕಟ್ಟಿಸಿದವರಲ್ಲಿ ಸಿ.ಎಚ್.ವಿ. ಶಾಸ್ತ್ರಿ ಮುಖ್ಯರು. ಡೈಪೋಲ್ ಎನ್ನುವ ಸರಳ ಆಂಟೆನಾಗಳು ಒಟ್ಟು 1000, ಇಂಗ್ಲಿಷಿನ ಟಿ ಅಕ್ಷರದ ಆಕಾರ. ಪೂರ್ವ–ಪಶ್ಚಿಮದ ತೋಳು ಸುಮಾರು 1.4 ಕಿ.ಮೀ., ದಕ್ಷಿಣಕ್ಕೆ ಚಾಚಿದ್ದು ಸುಮಾರು 450 ಮೀಟರ್. ‘ಕಣ್ಣಿಟ್ಟು ನೋಡೋ ಜಾಗ ಎಲ್ಲಿ ಸಾರ್?’ ಎಂದು ಮಕ್ಕಳು ಕೇಳುತ್ತಿದ್ದರು. ಕೊಳವೆಯಿಲ್ಲ, ಕನ್ನಡಿಯಿಲ್ಲ, ಯಾವುದೂ ತಿರುಗುವುದಿಲ್ಲ. ಒಂದು ಡೈಪೋಲ್‌ನ ಸಂಕೇತವನ್ನು ಪಕ್ಕದ್ದಕ್ಕಿಂತ ಒಂದಿಷ್ಟು ತಡಮಾಡಿ ಕೂಡಿಸಿದರೆ ಇಡೀ ಸಾಲಿನ ನೋಟ ಉತ್ತರಕ್ಕೋ ದಕ್ಷಿಣಕ್ಕೋ ವಾಲುತ್ತದೆ. ಪಡುವಣದಿಂದ ಮೂಡಣಕ್ಕೆ ಸಾಗುವ ಕೆಲಸವನ್ನು ಭೂಮಿಯೇ ತಿರುಗಿ ಮಾಡಿಕೊಡುತ್ತದೆ.

ಇದು ಕೇಳುತ್ತಿದ್ದ ಅಲೆಯ ಆವರ್ತನ 34.5 ಮೆಗಾಹರ್ಟ್ಸ್, ಅಲೆಯ ಉದ್ದ ಹತ್ತಿರ ಹತ್ತಿರ 9 ಮೀಟರ್. ಅಷ್ಟು ಉದ್ದದ ಅಲೆಯಲ್ಲಿ ಹುಣ್ಣಿಮೆ ಚಂದ್ರನಷ್ಟಗಲದ ತುಣುಕನ್ನು ಬೇರ್ಪಡಿಸಿ ನೋಡಬೇಕೆಂದರೂ ಕಿಲೋಮೀಟರುಗಟ್ಟಲೆ ತಂತಿ ಬೇಕು. ಕೆ.ಎಸ್. ದ್ವಾರಕಾನಾಥ್ ಮತ್ತು ಎನ್. ಉದಯಶಂಕರ್ 1990ರಲ್ಲಿ ಇಲ್ಲಿಂದಲೇ ಆಕಾಶದ ಬಹುಭಾಗದ ನಕ್ಷೆ ಪ್ರಕಟಿಸಿದರು. ಇದೇ ಟಿ ಆಕಾರ 1992ರಲ್ಲಿ ಮಾರಿಷಸ್‌ನಲ್ಲಿ ಮತ್ತೆ ಎದ್ದಿತು. ಅಲ್ಲಿ ಡೈಪೋಲ್ ಬದಲು ಸುರುಳಿಯಾಕಾರದ ಆಂಟೆನಾಗಳು, ದಕ್ಷಿಣದ ತೋಳಿಗೆ ಹಳಿಯ ಮೇಲೆ ಸರಿಯುವ ಟ್ರಾಲಿಗಳು. ಗೌರಿಬಿದನೂರಿನಲ್ಲಿ ಪಳಗಿದವರ ಕೈ ಆ ಕೆಲಸದಲ್ಲೂ ಇತ್ತು, ಉದಯಶಂಕರ್ ಅವರದ್ದೂ ಸೇರಿ.

ಉದಯಶಂಕರ್ ಅವರ ಹೆಸರು ಮೂರನೆಯ ಸಲ ಬರುವುದು ‘ಸರಸ್’ ಎಂಬ ಪ್ರಯೋಗದಲ್ಲಿ. ನನ್ನ ಮಟ್ಟಿಗೆ ಈ ಕಥೆಯ ತಿರುಳೇ ಇದು. ವಿಶ್ವದ ಮೊದಲ ನಕ್ಷತ್ರಗಳು ಹೊತ್ತಿಕೊಂಡಾಗ ಸುತ್ತಲಿನ ಹೈಡ್ರೋಜನ್ ಬಿಟ್ಟ ಗುರುತು 21 ಸೆಂ.ಮೀ. ಅಲೆಯಲ್ಲಿತ್ತು. ವಿಶ್ವ ಹಿಗ್ಗುತ್ತಾ ಅದು ಈಗ ಹಲವು ಮೀಟರಿಗೆ ಎಳೆದುಕೊಂಡು ಎಫ್‌ಎಂ ರೇಡಿಯೊದ ಆಸುಪಾಸಿಗೆ ಬಂದು ನಿಂತಿದೆ. ನಮ್ಮ ಆಕಾಶಗಂಗೆಯ ಸದ್ದು ಅದಕ್ಕಿಂತ ಸಾವಿರಾರು ಪಟ್ಟು ಜೋರು. ಉಪಕರಣದ ಸಣ್ಣ ಡೊಂಕೂ ಆಕಾಶದ ಗುರುತಿನಂತೆಯೇ ಕಾಣಿಸಿಬಿಡಬಹುದು. ಹಾಗಾಗಿ ಒಂದೇ ಏಟಿಗೆ ಸರಿಯಾದ ಆಂಟೆನಾ ಮಾಡುತ್ತೇನೆ ಎನ್ನುವ ಮಾತೇ ಇಲ್ಲಿ ನಡೆಯುವುದಿಲ್ಲ. ರಾಮನ್ ಸಂಸ್ಥೆಯವರು ಮೊದಲನೆಯ ಸರಸ್ ಅನ್ನು ಗೌರಿಬಿದನೂರಿನಲ್ಲೇ ಇಟ್ಟು ಆಕಾಶವನ್ನು ಅಳೆದರು. ಅದು ದಪ್ಪ ಡೈಪೋಲ್. ಎರಡನೆಯದಕ್ಕೆ ಆಕಾರವೇ ಬೇರೆ, ಗೋಳದ್ದು. ಅದನ್ನು ಗಡಿಯಾಚೆಗೆ, ಆಗ ಅನಂತಪುರ ಜಿಲ್ಲೆಯಲ್ಲಿದ್ದ ಟಿಂಬಕ್ಟು ಎಂಬ ಜಾಗಕ್ಕೆ ಒಯ್ದರು. ಮೂರನೆಯದು ಶಂಕುವಿನಾಕಾರದ್ದು.

ಆಕಾರ ಬದಲಾದರೂ ನೆಲದ ತೊಂದರೆ ಉಳಿಯಿತು. ಬೋರ್‌ವೆಲ್ ಕೊರೆಸಿದ ಚಿಂತಾಮಣಿಯ ಯಾವ ರೈತರನ್ನು ಕೇಳಿದರೂ ಹೇಳುತ್ತಾರೆ, ಮೇಲೆ ಕೆಮ್ಮಣ್ಣು, ಕೆಳಗೆ ಗರಸು, ಅದರ ಕೆಳಗೆ ಬಂಡೆ. ರೇಡಿಯೊ ಅಲೆ ಒಂದೊಂದು ಪದರಕ್ಕೂ ತಗುಲಿ ಒಂದಿಷ್ಟು ಹಿಂದಕ್ಕೆ ಬರುತ್ತದೆ, ಅಳತೆ ಕದಡುತ್ತದೆ. ನೀರಿಗೆ ಪದರವಿಲ್ಲ, ಎಲ್ಲಿ ಮುಟ್ಟಿದರೂ ಒಂದೇ. ಹಾಗೆ ಹೊಳೆದು, 2020ರ ಮೊದಲ ತಿಂಗಳುಗಳಲ್ಲಿ ಸರಸ್–3 ಅನ್ನು ತೆಪ್ಪದಂಥ ತೇಲುವ ವೇದಿಕೆಯ ಮೇಲೆ ನಮ್ಮ ದಂಡಿಗಾನಹಳ್ಳಿ ಕೆರೆಯಲ್ಲೂ ಶರಾವತಿಯ ಹಿನ್ನೀರಿನಲ್ಲೂ ತೇಲಿಬಿಟ್ಟರು. ಜೀವನದಿಯಿಲ್ಲದ ಸೀಮೆ ನಮ್ಮದು. ಇಲ್ಲಿ ಕೆರೆ ತುಂಬಿದರೆ ಊರು ಬಾಗಿನ ಕೊಡುತ್ತದೆ. ಅಂಥ ಕೆರೆಯೊಂದು ವಿಶ್ವದ ಮೊದಲ ಬೆಳಕನ್ನು ಹುಡುಕುವ ಕೆಲಸಕ್ಕೆ ಒದಗಿತೆಂದರೆ ನನಗೆ ಹೆಮ್ಮೆ ಉಕ್ಕುತ್ತದೆ.

2018ರಲ್ಲಿ ಆಸ್ಟ್ರೇಲಿಯಾದ ಮರುಭೂಮಿಯಲ್ಲಿದ್ದ ಎಡ್ಜಸ್ ಎಂಬ ಉಪಕರಣ ಆ ಮೊದಲ ಗುರುತು 78 ಮೆಗಾಹರ್ಟ್ಸ್ ಹತ್ತಿರ ಸಿಕ್ಕಿತೆಂದು ಸಾರಿತ್ತು. ಜಗತ್ತಿನಾದ್ಯಂತ ಅದು ಸುದ್ದಿಯಾಗಿತ್ತು. ನೀರ ಮೇಲಿನ ಅಳತೆಯಲ್ಲಿ ಅದು ಕಾಣಲಿಲ್ಲ. 2022ರ ಫೆಬ್ರುವರಿಯಲ್ಲಿ ‘ನೇಚರ್ ಆಸ್ಟ್ರಾನಮಿ’ಯಲ್ಲಿ ರಾಮನ್ ಸಂಸ್ಥೆಯ ತಂಡ ಆ ಗುರುತನ್ನು ಶೇ 95.3ರಷ್ಟು ಭರವಸೆಯಿಂದ ಅಲ್ಲಗಳೆಯಿತು. ಮೊದಲೆರಡು ಸರಸ್‌ಗಳಲ್ಲಿ ಕಲಿತದ್ದಿಲ್ಲದೆ ಇಂಥ ಮಾತನ್ನು ಜಗತ್ತಿನೆದುರು ಆಡುವ ಧೈರ್ಯ ಯಾರಿಗೂ ಬರುವುದಿಲ್ಲ.

ಆ ಮೊದಲೆರಡನ್ನು ನಮ್ಮ ಮಕ್ಕಳು ನೋಡಬೇಕು. ಚಿಕ್ಕಬಳ್ಳಾಪುರದಲ್ಲಿ ಒಂದು ಕೋಣೆ ಸಾಕು. 1976ರ ಒಂದು ಡೈಪೋಲ್, ಸರಸ್‌ನ ಮೂರೂ ಆಕಾರಗಳು, ಒಂದರಿಂದ ಇನ್ನೊಂದಕ್ಕೆ ಏನು ಬದಲಾಯಿತು, ಏಕೆ ಬದಲಾಯಿತು ಎಂದು ಕನ್ನಡದಲ್ಲಿ ಬರೆದ ಫಲಕಗಳು. ಜಿಲ್ಲಾಡಳಿತವೂ ಸಂಸ್ಥೆಗಳೂ ಮನಸ್ಸು ಮಾಡಿದರೆ ಆಗದ ಕೆಲಸವೇನಲ್ಲ.

ಕೆಲಸವಂತೂ ಮುಂದಕ್ಕೆ ಹೋಗಿದೆ. ಕೆರೆಯ ನಡುವೆಯೂ ಎಫ್‌ಎಂ ಕೇಂದ್ರಗಳ ಗದ್ದಲ ತಪ್ಪುವುದಿಲ್ಲ. ಅದು ಪೂರ್ತಿ ಅಡಗುವುದು ಚಂದ್ರನ ಆಚೆ ಬದಿಯಲ್ಲಿ. ಅಲ್ಲಿ ಸುತ್ತುತ್ತಾ ಕೇಳಬೇಕೆಂದು ‘ಪ್ರತ್ಯುಷ್’ ಎಂಬ ಉಪಕರಣವನ್ನು ರಾಮನ್ ಸಂಸ್ಥೆ ರೂಪಿಸುತ್ತಿದೆ. ಅದರ ಪ್ರಯೋಗಾಲಯ ಮಾದರಿಯನ್ನು ಬೆಂಗಳೂರಿನಲ್ಲಿ ಕಟ್ಟಿ ಪರೀಕ್ಷಿಸುತ್ತಿದ್ದಾರೆ.